ಬೇಲಿಯ ಮೇಲಿನ ಕುದುರೆ

ಕಳೆದ ವರ್ಷ ನವರಾತ್ರಿಗೆ ನಾಲ್ಕು ದಿನ ಮುಂಚೆ ನಮ್ಮ ಹಳೆಯ ಶಿಷ್ಯನೊಬ್ಬನು ನಮ್ಮನ್ನು ಕಾಣಲು ಮನೆಗೆ ಬಂದನು. ಅವನು ಫ್ರಾನ್ಸ್ ದೇಶದಲ್ಲಿ ಎಂಜಿನಿಯರನಾಗಿರುವನು. ಒಂದು ತಿಂಗಳ ರಜೆಯ ಮೇಲೆ ಊರಿಗೆ ಬಂದಿದ್ದನು. ಹಣ್ಣುಹಂಪಲುಗಳೊಡನೆ ಒಂದು ಸಣ್ಣ ಕಾಗದದ ಪೊಟ್ಟಣವನ್ನೂ ನಮ್ಮ ಕೈಯಲ್ಲಿರಿಸಿ, “ಮೇಷ್ಟ್ರೇ, ನಿಮ್ಮ ಮೇಜಿನ ಮೇಲೆ ಕಾಗದಗಳು ಹಾರದಂತೆ ಇಟ್ಟುಕೊಳ್ಳಲಿ ಎಂದು ತಂದೆ. ಪ್ಯಾರಿಸಿನಲ್ಲಿ ಹಳೆಯ ಸಾಮಾನುಗಳ ಸಂತೆಯಲ್ಲಿ ಸಿಕ್ಕಿತು” ಎಂದನು. ಬಿಚ್ಚಿ ನೋಡಿದರೆ ಕಂಚಿನ ಬಿಲ್ಲೆ. ಅಂಗೈಯ ಅರ್ಧದಷ್ಟು ಅಗಲ. ಹುರಿದ ಕಾಫಿಬೀಜದ ಬಣ್ಣ. ಒಂದು ಮುಖದಲ್ಲಿ ಬೇಲಿಯನ್ನು ಹಾರುತ್ತಿರುವ ಕುದುರೆ, ಅದರ ಬೆನ್ನ ಮೇಲೆ ಸವಾರ. ಇನ್ನೊಂದು ಮುಖದಲ್ಲಿ ಎಲೆಗಳ ಮಾಲೆ, ಮಾಲೆಯ ನಡುವೆ ಬರಿದಾದ ಜಾಗ. ಅದು ಕುದುರೆಯೋಟದ ಬಹುಮಾನದ ಪದಕವೆಂದು ಅವನು ಹೇಳಿದನು. ನಾವು ಸಂತೋಷದಿಂದ ಮೇಜಿನ ಮೇಲೆ ಇಟ್ಟುಕೊಂಡೆವು.

ರಜೆ ಮುಗಿದು ಹೇಳಿಹೋಗಲು ಅವನು ಪುನಃ ಬಂದಾಗ ಪದಕವು ಹೊಸ ಹಿತ್ತಾಳೆಯ ಚೊಂಬಿನಂತೆ ಥಳಥಳಿಸುತ್ತಿದ್ದಿತು. ಅವನ ಮುಖ ಬಾಡಿತು. “ಇದನ್ನು ಯಾರು ತೊಳೆದರು ಮೇಷ್ಟ್ರೇ?” ಎಂದು ಮೆಲ್ಲನೆ ಕೇಳಿದನು. ನಮ್ಮ ಗೃಹಿಣಿಯು ಒಳಗಿನಿಂದಲೇ, “ನಾನೇ ಕಣಪ್ಪ. ಕಿಲುಬು ಹಿಡಿದಿತ್ತು. ಹಬ್ಬಕ್ಕೆ ದೀಪದ ಕಂಬಗಳ ಜೊತೆಗೆ ಹುಣಸೆಹಣ್ಣು, ಉಪ್ಪು, ರಂಗೋಲಿಪುಡಿ ಹಾಕಿ ಬೆಳಗಿಟ್ಟೆ” ಎಂದಳು. “ಅಮ್ಮಾ, ಅದು ಕಿಲುಬಲ್ಲ, ಆ ಬಣ್ಣವನ್ನು ಮಾಡಿದವರೇ ಕೊಟ್ಟಿದ್ದು” ಎಂದು ಹೇಳಿ ಅವನು ಸುಮ್ಮನಾದನು. ಅವಳೂ ಸುಮ್ಮನಾದಳು. ತಪ್ಪು ಅವಳದಲ್ಲ, ಮೇಜಿನ ಮುಂದೆ ಕುಳಿತು ಪ್ರತಿದಿನವೂ ಅದನ್ನು ನೋಡುತ್ತಿದ್ದ ನಮಗೇ ಅದು ಏನೆಂದು ತಿಳಿದಿರಲಿಲ್ಲ. ಅಂದಿನಿಂದ ಈ ಒಂದು ವರ್ಷ ನಾವು ಬಿಡುವಿನಲ್ಲಿ ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿರಿಸುತ್ತೇವೆ. ಯಾರ ಮನೆಯ ಪೆಟ್ಟಿಗೆಯಲ್ಲಿ ಯಾವ ಪದಕವಿರುವುದೋ ಯಾರು ಬಲ್ಲರು?

ನಮ್ಮ ಕಡೆ ರೇಸು ಎಂದರೆ ಸಮತಟ್ಟಾದ ಮೈದಾನದಲ್ಲಿ ಕುದುರೆಗಳು ಓಡುವ ಓಟ. ಈ ಪದಕಕ್ಕೆ ಸೇರಿದ ಓಟ ಅದಲ್ಲ. ಅದಕ್ಕೆ ಸ್ಟೀಪಲ್‌ಚೇಸ್ ಎಂದು ಹೆಸರು. ಸ್ಟೀಪಲ್ ಎಂದರೆ ಇಗರ್ಜಿಯ ಚೂಪಾದ ಗೋಪುರ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಒ’ಕ್ಯಾಲಹನ್ ಮತ್ತು ಬ್ಲೇಕ್ ಎಂಬಿಬ್ಬರು ಪಂಥ ಕಟ್ಟಿ, ಬಟ್ಟಿವಂಟ್ ಎಂಬ ಊರಿನ ಇಗರ್ಜಿಯಿಂದ ಡಾನರೇಲ್ ಎಂಬ ಊರಿನ ಇಗರ್ಜಿಯವರೆಗೆ, ಸುಮಾರು ನಾಲ್ಕೂವರೆ ಮೈಲಿ, ಗೋಪುರವನ್ನೇ ಗುರಿಯಾಗಿಟ್ಟುಕೊಂಡು ಕುದುರೆ ಓಡಿಸಿದರೆಂದು ಐತಿಹ್ಯ. ಹಾದಿ ಹಿಡಿದು ಹೋಗಬೇಕೆಂಬ ನಿಯಮವಿರಲಿಲ್ಲ. ಅಡ್ಡ ಬಂದ ಬೇಲಿ, ಗೋಡೆ, ಹಳ್ಳಗಳನ್ನೆಲ್ಲ ಹಾರಿಯೇ ಹೋಗಬೇಕು. ಕಾಲಕ್ರಮದಲ್ಲಿ ಊರ ಹೊಲಗಳು ತಪ್ಪಿ, ಇದಕ್ಕಾಗಿಯೇ ಮೈದಾನಗಳನ್ನು ರಚಿಸಿ, ಕೃತಕವಾದ ಬೇಲಿಗಳನ್ನೂ ನೀರಿನ ಕಾಲುವೆಗಳನ್ನೂ ನಿರ್ಮಿಸಿದರು. ಗೋಪುರವು ಹೋಯಿತು, ಹೆಸರು ಉಳಿಯಿತು.

ಆ ಹೆಸರು ಇನ್ನೂ ದೂರ ಪ್ರಯಾಣ ಮಾಡಿತು. 1850ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಇದೇ ಬಗೆಯ ಓಟವನ್ನು ಕುದುರೆಯಿಲ್ಲದೆ ತಮ್ಮ ಕಾಲ ಮೇಲೆಯೇ ಓಡಿದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ರೈತರ ಮಗ ಅವಿನಾಶ ಸಾಬ್ಳೆಯು ಬೆಳ್ಳಿಯ ಪದಕ ಗೆದ್ದ 3000 ಮೀಟರಿನ ಓಟವು ಇದರ ಸಂತತಿಯೇ. ಅದರಲ್ಲಿ ಮನುಷ್ಯನೇ 28 ಅಡ್ಡಗಳನ್ನೂ 7 ನೀರಿನ ಹೊಂಡಗಳನ್ನೂ ದಾಟಬೇಕು.

ಇಂಗ್ಲೆಂಡಿನಲ್ಲಿ ಈ ಬಗೆಯ ಓಟಗಳ ಪೈಕಿ ಅತಿ ಪ್ರಸಿದ್ಧವಾದುದು ಲಿವರ್‌ಪೂಲಿನ ಬಳಿ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್. 1839ರಲ್ಲಿ ಲಾಟರಿ ಎಂಬ ಕುದುರೆ ಅದನ್ನು ಗೆದ್ದಿತು. ಆದರೆ ಅಂದಿನ ಓಟದಲ್ಲಿ ಶಾಶ್ವತವಾದ ಹೆಸರು ಪಡೆದವನು ಗೆದ್ದವನಲ್ಲ, ಬಿದ್ದವನು. ಕ್ಯಾಪ್ಟನ್ ಬೀಚರ್ ಎಂಬ ಸವಾರನು ಬೇಲಿಯಾಚೆಯ ಹಳ್ಳಕ್ಕೆ ಬಿದ್ದು, ಹಿಂದಿನ ಕುದುರೆಗಳ ಗೊರಸಿಗೆ ಸಿಕ್ಕದಂತೆ ನೀರಿನಲ್ಲಿಯೇ ಮುದುರಿಕೊಂಡಿದ್ದನು. ಆ ಬೇಲಿಗೆ ಇಂದಿಗೂ ಬೀಚರನ ಹಳ್ಳವೆಂದೇ ಹೆಸರು.

ನಮ್ಮ ಮೇಜಿನ ಪದಕದ ಸೀಮೆಯಾದರೋ ಫ್ರಾನ್ಸ್. ಅಲ್ಲಿ 1863ರಲ್ಲಿ ಈ ಓಟಗಳನ್ನು ನಡೆಸಲು ಒಂದು ಸಂಘವು ಸ್ಥಾಪಿತವಾಯಿತು. ಪ್ರಷ್ಯದೊಡನೆ ನಡೆದ ಯುದ್ಧದ ತರುವಾಯ, 1873ರಲ್ಲಿ, ಪ್ಯಾರಿಸಿನ ಪಶ್ಚಿಮದಂಚಿನ ಬುವಾ ದ ಬುಲೋನ್ ಎಂಬ ಉಪವನದಲ್ಲಿ ಓತೈ ಮೈದಾನವು ತೆರೆಯಲ್ಪಟ್ಟಿತು. ಮರುವರ್ಷವೇ ಅಲ್ಲಿನ ಮಹಾ ಸ್ಟೀಪಲ್‌ಚೇಸ್ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಸಂಘವು 1995ರಲ್ಲಿ ಇತರ ಸಂಘಗಳೊಡನೆ ಕೂಡಿ ಫ್ರಾನ್ಸ್ ಗಾಲೋ ಎಂಬ ಒಂದೇ ಸಂಸ್ಥೆಯಾಯಿತು.

ಓಟಕ್ಕೆ ಪದಕವೇಕೆ, ಹಣವಿಲ್ಲವೆ ಎಂದು ವಾಚಕರು ಕೇಳಬಹುದು. ಹಣವುಂಟು, ಬಹಳ ಉಂಟು. ಅದು ಕುದುರೆಯ ಒಡೆಯನಿಗೆ ಸೇರುವುದು. ಆದರೆ ಆ ಕಾಲದಲ್ಲಿ ಸವಾರರೊಳಗೆ ಎರಡು ಜಾತಿ. ಕೂಲಿಗೆ ಸವಾರಿ ಮಾಡುವ ಜಾಕಿಗಳು ಒಂದು. ಮನೆತನಸ್ಥರೂ ಸೈನ್ಯದ ಅಧಿಕಾರಿಗಳೂ ಆಗಿದ್ದು ಹವ್ಯಾಸಕ್ಕಾಗಿ ಸವಾರಿ ಮಾಡುವವರು ಇನ್ನೊಂದು. ಇಂಗ್ಲೆಂಡಿನ ಓಟದ ಪಟ್ಟಿಯಲ್ಲಿ ಹವ್ಯಾಸಿಯ ಹೆಸರಿನ ಹಿಂದೆ ‘ಮಿಸ್ಟರ್’ ಎಂಬ ಗೌರವವಿರುತ್ತಿದ್ದಿತು. ಕೂಲಿಯವನಿಗೆ ಬರಿಯ ಹೆಸರು. ಬೇಲಿ ಒಂದೇ, ಬೀಳುವ ನೆಲವೂ ಒಂದೇ, ಮುರಿಯುವ ಮೂಳೆಯೂ ಒಂದೇ. ಮರ್ಯಾದೆ ಮಾತ್ರ ಎರಡು. ಕೂಲಿ ಮುಟ್ಟದ ಹವ್ಯಾಸಿಗೆ ಕೈಗೆ ಕೊಡಲು ತಕ್ಕುದು ಬಟ್ಟಲು, ಚಾವಟಿ, ಪದಕ ಮೊದಲಾದ ವಸ್ತುಗಳು. ಆದುದರಿಂದ ಅಚ್ಚುಗಾರರಿಗೆ ಕೆಲಸ ದೊರೆಯಿತು.

ಕುದುರೆಗೂ ಲೋಹದ ಬಿಲ್ಲೆಗೂ ಇರುವ ನಂಟು ಬಹಳ ಹಳೆಯದು. ಅಮರಕೋಶವನ್ನು ಕಂಠಪಾಠ ಮಾಡಿದವರು ಕುದುರೆಗೆ ‘ವಾಜಿ’ ಎಂಬ ಹೆಸರನ್ನು ಬಲ್ಲರು. ವಾಜವೆಂದರೆ ವೇದದಲ್ಲಿ ಬಲ. ಪಂಥದಲ್ಲಿ ಗೆದ್ದ ಪಣವೂ ಹೌದು. ಪಣವನ್ನು ತರುವುದೇ ವಾಜಿ. ಕ್ರಿಸ್ತಪೂರ್ವ 356ರಲ್ಲಿ ಮ್ಯಾಸಿಡಾನಿನ ದೊರೆ ಫಿಲಿಪ್ಪನ ಕುದುರೆಯು ಒಲಿಂಪಿಯದಲ್ಲಿ ಗೆದ್ದಾಗ ಅವನು ತಾಳೆಗರಿ ಹಿಡಿದ ಸವಾರನನ್ನು ತನ್ನ ಬೆಳ್ಳಿಯ ನಾಣ್ಯದ ಮೇಲೆ ಟಂಕಿಸಿದನು. ನಮ್ಮ ಸಮುದ್ರಗುಪ್ತನು ಅಶ್ವಮೇಧದ ಕುದುರೆಯನ್ನು ಯೂಪಸ್ತಂಭದ ಮುಂದೆ ನಿಲ್ಲಿಸಿ ಚಿನ್ನದ ನಾಣ್ಯವನ್ನು ಹೊರಡಿಸಿದನು. ಯೂರೋಪಿನಲ್ಲಿ ಚಲಾವಣೆಗಲ್ಲದೆ ನೆನಪಿಗಾಗಿಯೇ ಪದಕ ಮಾಡುವ ಕಲೆಯನ್ನು ಸುಮಾರು 1438ರಲ್ಲಿ ಆರಂಭಿಸಿದವನು ಇಟಲಿಯ ಚಿತ್ರಗಾರ ಪಿಸಾನೆಲ್ಲೊ. ಅವನ ಮೊದಲ ಪದಕದ ಹಿಮ್ಮುಖದಲ್ಲಿಯೂ ಕುದುರೆಯೇರಿದ ಚಕ್ರವರ್ತಿಯಿರುವನು.

ಪಿಸಾನೆಲ್ಲೊ ಮೇಣದಲ್ಲಿ ಮಾದರಿ ಮಾಡಿ, ನಮ್ಮ ವಿಗ್ರಹಶಿಲ್ಪಿಗಳಂತೆ ಎರಕ ಹೊಯ್ಯುತ್ತಿದ್ದನು. ಓಟದ ಪದಕಗಳ ಕ್ರಮ ಬೇರೆ. ಶಿಲ್ಪಿಯು ಊಟದ ತಟ್ಟೆಯಷ್ಟು ದೊಡ್ಡ ಮಾದರಿಯನ್ನು ಗಾರೆಯಲ್ಲಿ ಸಿದ್ಧಪಡಿಸುವನು. ಒಂದು ಯಂತ್ರದ ಮೊನೆಯು ಆ ಮಾದರಿಯ ಉಬ್ಬುತಗ್ಗುಗಳ ಮೇಲೆ ಸುತ್ತಿ ಬರುತ್ತಿರುವಾಗ, ಅದೇ ಯಂತ್ರದ ಇನ್ನೊಂದು ಮೊನೆಯು ಅದನ್ನೇ ಕುಗ್ಗಿಸಿ ಸಣ್ಣ ಉಕ್ಕಿನ ಮೇಲೆ ಕೊರೆಯುವುದು. ಆ ಉಕ್ಕಿನಿಂದ ಅಚ್ಚು. ಅಚ್ಚನ್ನು ಕಾಸಿ ಹದಗೊಳಿಸಿ, ಕಂಚಿನ ಬಿಲ್ಲೆಯ ಮೇಲೆ ಒತ್ತುವುದು. ಉಬ್ಬು ಹೆಚ್ಚಾಗಿರುವುದರಿಂದ ಒಂದೇ ಒತ್ತಿಗೆ ಚಿತ್ರ ಮೂಡದು. ಒತ್ತಿದೊಡನೆ ಲೋಹವು ಗಡುಸಾಗುವುದು. ಅದನ್ನು ಮತ್ತೆ ಕಾಸಿ, ಮೆದುಮಾಡಿ, ಮತ್ತೆ ಒತ್ತಬೇಕು. ಕೊನೆಗೆ ದ್ರಾವಣಗಳಿಂದಲೂ ಶಾಖದಿಂದಲೂ ಕಂದುಬಣ್ಣವನ್ನು ಬರಿಸುವರು. ಕುದುರೆಯ ಪಕ್ಕೆಲುಬು, ಬೇಲಿಯ ಕಡ್ಡಿಗಳು ನೆರಳುಬೆಳಕಿನಲ್ಲಿ ಎದ್ದು ಕಾಣುವುದು ಈ ಬಣ್ಣದಿಂದಲೇ. ನಮ್ಮ ಮನೆಯಲ್ಲಿ ಒಂದು ಮುಷ್ಟಿ ಹುಣಸೆಹಣ್ಣು ತೊಡೆದು ಹಾಕಿದುದು ಇದನ್ನು.

ಇಷ್ಟಾದರೂ ಹುಣಸೆಹಣ್ಣು ತೊಡೆಯಲಾರದುದೊಂದಿದೆ. ಅದೇ ಅಂಚಿನ ಗುರುತು. ಪದಕವನ್ನು ನೋಡುವವರು ಮುಖವನ್ನು ನೋಡುವರು. ಬಲ್ಲವರು ಅಂಚನ್ನು ತಿರುಗಿಸುವರು. ಪ್ಯಾರಿಸಿನ ಸರಕಾರೀ ಟಂಕಸಾಲೆಯಲ್ಲಿ ಮುದ್ರಿತವಾದ ಪದಕದ ಅಂಚಿನ ಮೇಲೆ ಲೋಹದ ಹೆಸರೂ ಅದರ ಪಕ್ಕದಲ್ಲಿ ಒಂದು ಕಿರಿಯ ಚಿಹ್ನೆಯೂ ಇರುವುವು. ಚಿಹ್ನೆಯು ಕಾಲಕ್ಕೆ ತಕ್ಕಂತೆ ಬದಲಾಗಿದೆ. 1842ರಿಂದ 1845ರವರೆಗೆ ಹಡಗಿನ ಮೂತಿ. ಅಲ್ಲಿಂದ 1860ರವರೆಗೆ ಬೆರಳು ತೋರಿಸುವ ಕೈ. ಅನಂತರ ಸುಮಾರು 1880ರವರೆಗೆ ಜೇನುನೊಣ. ಆ ಮೇಲೆ ಹಣ್ಣುಹೂಗಳು ತುಂಬಿದ ಕೊಂಬು. ಇದರಲ್ಲಿ ಒಂದು ಸೂಕ್ಷ್ಮವಿದೆ. ಪದಕದ ಮುಖದಲ್ಲಿ 1865 ಎಂದಿದ್ದು ಅಂಚಿನಲ್ಲಿ ಕೊಂಬಿದ್ದರೆ, ಹಳೆಯ ಅಚ್ಚಿನಿಂದ ಬಹುಕಾಲದ ಮೇಲೆ ಪುನಃ ಒತ್ತಿದ ಪ್ರತಿಯೆಂದು ತಿಳಿಯಬೇಕು. ಅದು ವಂಚನೆಯಲ್ಲ, ಟಂಕಸಾಲೆಯೇ ಹಾಗೆ ಒತ್ತಿ ಮಾರಿರುವುದುಂಟು. ಆದರೆ ಮೂಲಪ್ರತಿಯ ಬೆಲೆಯನ್ನು ಅದಕ್ಕೆ ಕೊಡಬಾರದು. ಖಾಸಗಿ ಅಚ್ಚುಗಾರರ ಪದಕಗಳಲ್ಲಿ ಅವರವರ ಹೆಸರನ್ನು ಹುಡುಕಬೇಕು. ಇಂಗ್ಲೆಂಡಿನ ಬೆಳ್ಳಿಯ ಪದಕವಾದರೆ ನಡೆಯುವ ಸಿಂಹ, ಪರೀಕ್ಷಿಸಿದ ಊರಿನ ಮುದ್ರೆ, ವರ್ಷಕ್ಕೊಂದು ಬದಲಾಗುವ ಅಕ್ಷರ ಇವು ಸಾಕ್ಷಿ. ಬರ್ಮಿಂಗ್‌ಹ್ಯಾಮಿಗೆ ಲಂಗರು, ಲಂಡನಿಗೆ ಚಿರತೆಯ ತಲೆ.

ನಮ್ಮ ಪದಕದ ಅಂಚಿನಲ್ಲಿ, ಭೂತಗನ್ನಡಿ ಹಿಡಿದು ನೋಡಿದಾಗ, ಕೊಂಬು ಕಂಡಿತು. ಅಂದು ರಾತ್ರಿ ಊಟ ಆರಿಹೋಗುವವರೆಗೂ ನಾವು ಮೇಜು ಬಿಟ್ಟೇಳಲಿಲ್ಲ.

ಕೊಂಬಿನಿಂದ 1880ರ ಈಚಿನದೆಂದು ತಿಳಿಯಿತು. ಇನ್ನೂ ಹತ್ತಿರಕ್ಕೆ ಬರಲು ಚಿತ್ರವನ್ನೇ ಕೇಳಬೇಕು. ಮೊದಲು ಕುದುರೆಯ ಕಾಲು. ಹಿಂದಿನ ಚಿತ್ರಗಾರರು ಓಡುವ ಕುದುರೆಯನ್ನು ಮುಂಗಾಲುಗಳು ಮುಂದಕ್ಕೂ ಹಿಂಗಾಲುಗಳು ಹಿಂದಕ್ಕೂ ಚಾಚಿ ಹೊಟ್ಟೆ ನೆಲಕ್ಕೆ ತಾಗುವಂತೆ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬವನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳಿಂದ, ನಾಲ್ಕು ಕಾಲುಗಳೂ ನೆಲ ಬಿಡುವ ಗಳಿಗೆಯಲ್ಲಿ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಸಿರುತ್ತವೆ ಎಂಬುದು ಸಿದ್ಧವಾಯಿತು. ಅಲ್ಲಿಂದ ಮುಂದೆ ಶಿಲ್ಪಿಗಳ ಕೈ ಮೆಲ್ಲಮೆಲ್ಲನೆ ತಿದ್ದಿಕೊಂಡಿತು. ಎರಡನೆಯದು ಸವಾರನ ಬೆನ್ನು. ಹಳೆಯ ಪದ್ಧತಿಯಲ್ಲಿ ಬೇಲಿ ಹಾರುವಾಗ ಸವಾರನು ಕಾಲನ್ನು ಮುಂದಕ್ಕೆ ನೀಡಿ, ಬೆನ್ನನ್ನು ಹಿಂದಕ್ಕೆ ವಾಲಿಸಿ, ಲಗಾಮನ್ನು ಜಗ್ಗಿ ಹಿಡಿಯುತ್ತಿದ್ದನು. ಪಾಪ, ಆ ಭಾರವೆಲ್ಲ ಕುದುರೆಯ ಸೊಂಟದ ಮೇಲೂ, ಜಗ್ಗಾಟವೆಲ್ಲ ಅದರ ಬಾಯಿಯ ಮೇಲೂ. ಇಟಲಿಯ ಅಶ್ವಸೈನ್ಯದ ಕ್ಯಾಪ್ಟನ್ ಕಾಪ್ರಿಲ್ಲಿಯು, ಕುದುರೆಯು ಹಾರುವಾಗ ಸವಾರನು ಮುಂದಕ್ಕೆ ಬಾಗಿ ಅದರ ಕತ್ತಿಗೆ ಸಲಿಗೆ ಕೊಡಬೇಕೆಂದು ತೋರಿಸಿದನು. 1902ರಲ್ಲಿ ಟೂರಿನಿನಲ್ಲಿ ಅವನೇ ಆ ರೀತಿಯಲ್ಲಿ 2.08 ಮೀಟರು ಎತ್ತರವನ್ನು ಹಾರಿಸಿದನು. 1907ರಲ್ಲಿ ಕುದುರೆಯ ಮೇಲಿಂದ ಬಿದ್ದೇ ತೀರಿಕೊಂಡನು. ಅವನ ಪಾಠವು ಲೋಕದಲ್ಲಿ ಹರಡಲು ವರ್ಷಗಳೇ ಹಿಡಿದುವು. ಹೀಗೆ, ಹಿಂದಕ್ಕೆ ವಾಲಿದ ಬೆನ್ನು ಹಳೆಯ ಕಾಲವನ್ನೂ ಮುಂದಕ್ಕೆ ಬಾಗಿದ ಬೆನ್ನು ಹೊಸ ಕಾಲವನ್ನೂ ಸೂಚಿಸುವುದು. ಆದರೆ ಒಂದು ಅಚ್ಚನ್ನು ಹತ್ತಾರು ವರ್ಷ ಬಳಸುವ ವಾಡಿಕೆಯಿರುವುದರಿಂದ ಇದೊಂದನ್ನೇ ನಂಬಿ ವರ್ಷವನ್ನು ನಿರ್ಧರಿಸಲಾಗದು. ನಮ್ಮ ಸವಾರನು ಹಿಂದಕ್ಕೆ ವಾಲಿರುವನು. ಅಷ್ಟರ ಮೇಲೆ ನಾವು ಹೆಚ್ಚಿಗೆ ಹೇಳುವುದಿಲ್ಲ.

ಪದಕಗಳ ಚಿತ್ರಗಳನ್ನು ಪುಸ್ತಕಗಳಲ್ಲಿ ಒಂದರ ಮೇಲೊಂದರಂತೆ ನೋಡುತ್ತ ಹೋದಾಗ ಒಂದು ಸಂಗತಿ ನಮ್ಮ ಮನಸ್ಸನ್ನು ತಟ್ಟಿತು. ಕುದುರೆಯು ಬೇಲಿಯ ಮೇಲಿದೆ, ಎಲ್ಲೆಲ್ಲಿಯೂ ಬೇಲಿಯ ಮೇಲೆಯೇ ಇದೆ. ಆಚೆಗೆ ಇಳಿದ ಕುದುರೆಯನ್ನು ನಾವು ಕಾಣಲಿಲ್ಲ. ಬಿದ್ದ ಕುದುರೆಯನ್ನಂತೂ ಯಾರು ಬಹುಮಾನದ ಮೇಲೆ ಕೆತ್ತುವರು? ಆದರೆ ಈ ಆಟದಲ್ಲಿ ಬೀಳುವುದು ಅಪರೂಪವಲ್ಲ. ಕುದುರೆಗಳು ಸಾಯುವುದೂ ಉಂಟು. ಅದಕ್ಕಾಗಿ ಆಕ್ಷೇಪಣೆಯೂ ಹಳೆಯದು. ಏಂಟ್ರಿಯ ಬೇಲಿಗಳನ್ನು ಈಚೆಗೆ ಮೆದುಗೊಳಿಸಿ, 2024ರಿಂದ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿರುವುದು ಅದರ ಫಲವೇ. ಪದಕವು ಮರೆಸಿದುದನ್ನು ಮರೆಸದವನು ಚಿತ್ರಗಾರ ದೆಗಾ. 1866ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನು ಇರಿಸಿದ ದೊಡ್ಡ ಚಿತ್ರದಲ್ಲಿ ಕುದುರೆಗಳು ಹಾರಿಹೋಗುತ್ತಿರುವುವು; ಕೆಳಗೆ ಹುಲ್ಲಿನ ಮೇಲೆ ಸವಾರನೊಬ್ಬನು ಅಂಗಾತನಾಗಿ ಬಿದ್ದಿರುವನು. ಆ ಚಿತ್ರವು ಅವನನ್ನು ಜನ್ಮವಿಡೀ ಬಿಡಲಿಲ್ಲ. 1880ರ ಸುಮಾರಿಗೆ ಒಮ್ಮೆ, ಹಲವು ವರ್ಷಗಳ ಮೇಲೆ ಮತ್ತೊಮ್ಮೆ ಅದನ್ನೇ ತೆಗೆದು ತಿದ್ದಿದನು. ಈಗ ಅದು ವಾಷಿಂಗ್ಟನ್ನಿನ ಚಿತ್ರಶಾಲೆಯಲ್ಲಿದೆ.

ಇನ್ನು ಗೆದ್ದವರ ವಿಷಯ. ಓತೈ ಮೈದಾನದಲ್ಲಿ 1962ರ ಜೂನ್ ತಿಂಗಳಲ್ಲಿ ನಡೆದುದನ್ನು ಹೇಳದೆ ಮುಂದುವರಿಯಲಾರೆವು. ಇಂಗ್ಲೆಂಡಿನಿಂದ ಹೋದ ಮ್ಯಾಂಡರಿನ್ ಎಂಬ ಹನ್ನೊಂದು ವರ್ಷದ ಕುದುರೆ. ಮೇಲೆ ಫ್ರೆಡ್ ವಿಂಟರ್ ಎಂಬ ಜಾಕಿ. ತೂಕ ಇಳಿಸಲು ಉಪವಾಸ ಬಿದ್ದು ಅವನಿಗೆ ಹೊಟ್ಟೆ ಕೆಟ್ಟಿತ್ತು. ಕೆಲವೇ ಬೇಲಿಗಳನ್ನು ದಾಟುವಷ್ಟರಲ್ಲಿ ಕುದುರೆಯ ಬಾಯಿಯ ಕಡಿವಾಣ ತುಂಡಾಯಿತು! ಇನ್ನೂ ಮೂರು ಮೈಲಿಗೆ ಹೆಚ್ಚು ಉಳಿದಿದೆ. ಓಟದ ಹಾದಿಯು ಎಂಟರ ಅಂಕಿಯಂತೆ ಸುತ್ತಿ ಬರುವಂಥದು. ತಿರುಗಿಸಲು ಲಗಾಮಿಲ್ಲ, ತಡೆಯಲು ಲಗಾಮಿಲ್ಲ. ವಿಂಟರನು ಮೊಣಕಾಲುಗಳ ಒತ್ತಿನಿಂದಲೂ ಮೈಯ ವಾಲಿನಿಂದಲೂ ಕುದುರೆಗೆ ದಾರಿ ತೋರಿಸಿದನು. ಕೊನೆಯ ಭಾಗದಲ್ಲಿ ಅದರ ಮುಂಗಾಲಿನ ನರವು ಕೈಕೊಟ್ಟಿತು. ಆದರೂ ಅದು ಓಡಿತು. ಅತಿ ಕಿರಿದಾದ ಅಂತರದಿಂದ ಫ್ರಾನ್ಸಿನ ಕುದುರೆಯೊಂದನ್ನು ಹಿಂದೆ ಹಾಕಿತು. ಗೆದ್ದವರಾರೆಂದು ತಿಳಿಯಲು ಫೋಟೋವನ್ನು ನೋಡಬೇಕಾಯಿತು. ಮುಂದಿನ ಓಟಗಳಲ್ಲೊಂದನ್ನು ವಿಂಟರನು ಅದೇ ದಿನ ಬೇರೊಂದು ಕುದುರೆಯ ಮೇಲೆ ಗೆದ್ದನು. ಮ್ಯಾಂಡರಿನ್ ಮತ್ತೆಂದೂ ಓಡಲಿಲ್ಲ. ಇಂಥ ಓಟಕ್ಕೆ ಯಾವ ಪದಕ ಕೊಟ್ಟರೂ ಅದರ ಮೇಲೆ ಕೆತ್ತಬೇಕಾದ ಹೆಸರು ಯಾರದು? ಒಡೆಯನದೇ, ಸವಾರನದೇ, ಮೂಕಪ್ರಾಣಿಯದೇ, ಅಥವಾ ನಸುಕಿನಲ್ಲೆದ್ದು ಅದರ ಮೈ ಉಜ್ಜಿ ಹುಲ್ಲು ಹಾಕಿದ ಲಾಯದ ಆಳಿನದೇ?

ಅನೇಕ ಪದಕಗಳಲ್ಲಿ ಅಚ್ಚುಗಾರನು ಆ ಪ್ರಶ್ನೆಯನ್ನು ಬಿಡಿಸದೆ ಮಾಲೆಯ ನಡುವೆ ಜಾಗ ಬಿಟ್ಟಿರುವನು. ಪಡೆದವರು ಅಕ್ಕಸಾಲೆಯ ಕೈಯಲ್ಲಿ ತಮಗೆ ಬೇಕಾದುದನ್ನು ಬರೆಯಿಸಿಕೊಳ್ಳಬಹುದು. ಬರೆಯಿಸಿದ್ದರೆ ಸಂಗ್ರಾಹಕನಿಗೆ ಅದೇ ನಿಧಿ. ಹೆಸರೂ ವರ್ಷವೂ ಸಿಕ್ಕಿದರೆ ಅಂದಿನ ಪತ್ರಿಕೆಗಳಲ್ಲಿ ಆ ಓಟದ ವೃತ್ತಾಂತವನ್ನೇ ಹುಡುಕಬಹುದು. ಹೆಸರುಳ್ಳ ಸವೆದ ಪದಕವು ಹೆಸರಿಲ್ಲದ ಹೊಸ ಪದಕಕ್ಕಿಂತ ನೂರುಪಾಲು ಮೇಲು ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ಯಾವುದೇ ಹಳೆಯ ಪದಕವಿದ್ದರೆ ಗೃಹಿಣಿಯರು ದಯಮಾಡಿ ಇಷ್ಟನ್ನು ಮನಸ್ಸಿನಲ್ಲಿಡಬೇಕು. ಹುಣಸೆಹಣ್ಣು, ನಿಂಬೆ, ಬೂದಿ, ಅಂಗಡಿಯ ಹೊಳಪಿನ ಪುಡಿ ಒಂದೂ ಬೇಡ. ಧೂಳಿದ್ದರೆ ಮೆತ್ತನೆಯ ಬಟ್ಟೆ ಸಾಕು. ಮುಖವನ್ನು ಬೆರಳಿನಿಂದ ಮುಟ್ಟದೆ ಅಂಚನ್ನು ಹಿಡಿಯಬೇಕು. ಕೈಬೆವರು ಲೋಹವನ್ನು ತಿನ್ನುವುದು. ಅಗ್ಗದ ಪ್ಲಾಸ್ಟಿಕ್ ಚೀಲದಲ್ಲಿಯೂ ರಬ್ಬರಿನ ಬಳಿಯೂ ಇಡಬಾರದು. ಕಂಚಿನ ಮೇಲೆ ತಿಳಿಹಸುರಿನ ಪುಡಿಯೆದ್ದರೆ ಮಾತ್ರ ಅದು ರೋಗ. ಅದನ್ನು ಇತರ ಪದಕಗಳಿಂದ ಬೇರ್ಪಡಿಸಿ, ಬಲ್ಲವರಿಗೆ ತೋರಿಸಬೇಕು. ಮುಖ್ಯವಾಗಿ, ಬೆಳ್ಳಿಯ ಪದಕವನ್ನು ತೂಕಕ್ಕೆ ಹಾಕುವ ಮುನ್ನ ಅದರ ಮೇಲಿನ ಅಕ್ಷರಗಳನ್ನು ಒಂದು ಕಾಗದದ ಮೇಲಾದರೂ ಬರೆದಿಟ್ಟುಕೊಳ್ಳಬೇಕು.

ಈ ಕೊನೆಯ ಮಾತನ್ನು ನಾವು ಪುಸ್ತಕದಿಂದ ಹೇಳುತ್ತಿಲ್ಲ. ನಮಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಸಂಸ್ಕೃತ ವಿದ್ವತ್ ಪರೀಕ್ಷೆಯಲ್ಲಿ ಮೊದಲಿಗರಾದುದಕ್ಕೆ ಒಂದು ಬೆಳ್ಳಿಯ ಪದಕ ಬಂದಿದ್ದಿತು. ಒಂದು ಮುಖದಲ್ಲಿ ಸರಸ್ವತಿ. ಇನ್ನೊಂದರಲ್ಲಿ ದೇವನಾಗರಿಯಲ್ಲಿ ನಮ್ಮ ಹೆಸರು, ತಂದೆಯವರ ಹೆಸರು, ಕೆಳಗೊಂದು ಶ್ಲೋಕಾರ್ಧ. ಮರುವರ್ಷ ತಂಗಿಯ ಮದುವೆ ಕೂಡಿ ಬಂದಿತು. ಕುಂಕುಮದ ಭರಣಿಗೆ ಬೆಳ್ಳಿ ಸಾಲದೆ ಹೋದಾಗ ತಂದೆಯವರು ನಮ್ಮನ್ನು ಕರೆದು ಕೇಳಿದರು. ನಾವೇ ಪೆಟ್ಟಿಗೆಯಿಂದ ತೆಗೆದುಕೊಟ್ಟೆವು. ಭರಣಿಯು ಈಗಲೂ ತಂಗಿಯ ಮನೆಯ ದೇವರ ಮುಂದಿದೆ. ಅವಳ ಸೊಸೆಯಂದಿರೂ ಅದರಿಂದಲೇ ಕುಂಕುಮ ಇಟ್ಟುಕೊಳ್ಳುತ್ತಾರೆ. ಕೊಟ್ಟುದಕ್ಕೆ ನಮಗೆ ವ್ಯಥೆಯಿಲ್ಲ. ಆದರೆ ಆ ಶ್ಲೋಕಾರ್ಧ ಯಾವುದೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬಾರದು. ಬರೆದುಕೊಟ್ಟ ಪಂಡಿತರು ಈಗಿಲ್ಲ; ತಂದೆಯವರೂ ಇಲ್ಲ.

ಮೊನ್ನೆ ಶಿಷ್ಯನು ದೂರವಾಣಿಯಲ್ಲಿ ಮಾತನಾಡುವಾಗ ಇದನ್ನೆಲ್ಲ ಹೇಳಿದೆವು. “ಹಾಗಾದರೆ ಆ ಖಾಲಿ ಜಾಗದಲ್ಲಿ ನಿಮ್ಮ ಹೆಸರನ್ನೇ ಕೆತ್ತಿಸಿಬಿಡಿ ಮೇಷ್ಟ್ರೇ” ಎಂದು ನಕ್ಕನು. “ನಾವು ಯಾವ ಬೇಲಿ ಹಾರಿದೆವಪ್ಪ?” ಎಂದೆವು.

ಈ ವರ್ಷದ ನವರಾತ್ರಿಯಲ್ಲಿ ನಮ್ಮ ಗೃಹಿಣಿಯು ದೀಪದ ಕಂಬಗಳನ್ನು ಹುಣಸೆಹಣ್ಣಿನಲ್ಲಿ ನೆನೆಯಿಟ್ಟು ಮೇಜಿನ ಬಳಿಗೆ ಬಂದಳು. ಪದಕವನ್ನು ಸೆರಗಿನ ತುದಿಯಲ್ಲಿ ಅಂಚು ಹಿಡಿದೆತ್ತಿ ಬೆಳಕಿಗೆ ತಿರುಗಿಸಿ ನೋಡಿ, “ಬೇಲಿಯ ಹತ್ತಿರ ಸ್ವಲ್ಪ ಕಂದಾಗಿದೆ, ನೋಡಿದಿರಾ?” ಎಂದಳು. ಕೆಳಗಿನ ಧೂಳನ್ನು ಒರೆಸಿ, ಇದ್ದ ಜಾಗದಲ್ಲಿಯೇ ಇಟ್ಟು ಹೋದಳು.